ಓದುಗರ ಪ್ರಶ್ನೆ: ಕಳೆದ ಸಲ ಸಲೀಸಾಗಿ ಗೆದ್ದ ಕುದುರೆ ಈ ಸಲ ಏಕೆ ಸೋಲುತ್ತದೆ?

ಬೆಂಗಳೂರು ಅಥವಾ ಮೈಸೂರಿನ ರೇಸ್ ಕಾರ್ಡ್ (ದಿನದ ಓಟಗಳ ವಿವರಪಟ್ಟಿ) ಹಿಡಿದು ಕುಳಿತವರು ಪದೇ ಪದೇ ಕೇಳುವ ಪ್ರಶ್ನೆ ಇದು. ಹಿಂದಿನ ಓಟದಲ್ಲಿ ಮೂರು ಲೆಂಗ್ತ್ (ಒಂದು ಲೆಂಗ್ತ್ ಎಂದರೆ ಒಂದು ಕುದುರೆಯ ಉದ್ದ) ಅಂತರದಿಂದ ಗೆದ್ದಿದ್ದ ಕುದುರೆ, ಈ ಸಲ ಬೆನ್ನ ಮೇಲಿನ ಭಾರವೂ ಇಳಿದಿರುವಾಗ, ಗೆಲ್ಲುತ್ತದೆಂದು ಹೆಚ್ಚು ಜನ ನಂಬಿದ ಫೇವರಿಟ್ ಆಗಿ ಓಡಿಯೂ ನಾಲ್ಕನೆಯ ಸ್ಥಾನಕ್ಕೆ ಜಾರಿದ್ದು ಹೇಗೆ?

ಉತ್ತರ ಸಿಗುವುದು ಹ್ಯಾಂಡಿಕ್ಯಾಪರ್, ಅಂದರೆ ಕುದುರೆಗಳ ಭಾರ ನಿಗದಿ ಮಾಡುವ ಅಧಿಕಾರಿ, ಮಾಡುವ ಲೆಕ್ಕದಲ್ಲಿ. ನಮ್ಮಲ್ಲಿ ನಡೆಯುವ ಬಹುಪಾಲು ಓಟಗಳು ಹ್ಯಾಂಡಿಕ್ಯಾಪ್ ಓಟಗಳಾಗಿದ್ದು, ಅವುಗಳಲ್ಲಿ ಪ್ರತಿ ಕುದುರೆಗೂ ಅದರ ಸಾಧನೆಯನ್ನು ಅಳೆದು ರೇಟಿಂಗ್ ಕೊಟ್ಟಿರುತ್ತಾರೆ. ರೇಟಿಂಗ್ ಹೆಚ್ಚಿದಷ್ಟೂ ಭಾರ ಹೆಚ್ಚು; ಒಂದು ಅಂಕಕ್ಕೆ ಅರ್ಧ ಕೆ.ಜಿ.ಯಂತೆ ಅದು ನಿಗದಿಯಾಗುತ್ತದೆ. 20ರಿಂದ 45 ರೇಟಿಂಗ್‌ನ 1,400 ಮೀಟರ್ ಓಟವೊಂದನ್ನು ತೆಗೆದುಕೊಳ್ಳೋಣ. 45 ರೇಟಿಂಗ್‌ನ ಕುದುರೆಗೆ 60 ಕೆ.ಜಿ. ಎಂದಾದರೆ, 40 ರೇಟಿಂಗ್‌ನ ನಮ್ಮ ಕುದುರೆ 57.5 ಕೆ.ಜಿ. ಹೊತ್ತು ಗೆದ್ದಿದೆ. ಹ್ಯಾಂಡಿಕ್ಯಾಪರ್ ಅದಕ್ಕೆ ಎಂಟು ಅಂಕ ಏರಿಸಿದರೆಂದುಕೊಳ್ಳಿ. ಈಗ ಅದು 48ಕ್ಕೆ ತಲುಪಿ, 40ರಿಂದ 65ರ ಮೇಲಿನ ದರ್ಜೆಗೆ ಹೋಗುತ್ತದೆ. ಅಲ್ಲಿ 65 ರೇಟಿಂಗ್‌ನ ಕುದುರೆ 60 ಕೆ.ಜಿ. ಹೊತ್ತರೆ ಇದಕ್ಕೆ ಬರುವುದು ಕೇವಲ 51.5 ಕೆ.ಜಿ. ಕಾರ್ಡ್ ನೋಡಿದವರಿಗೆ ಆರು ಕೆ.ಜಿ. ಹಗುರವಾದಂತೆ ಕಾಣುತ್ತದೆ. ಆದರೆ ಎದುರಾಳಿಗಳ ಜೊತೆಗಿಟ್ಟು ನೋಡಿದರೆ, ಏರಿದ ಎಂಟು ಅಂಕಕ್ಕೆ ಅರ್ಧ ಕೆ.ಜಿ.ಯಂತೆ, ಅದು ಹಿಂದಿಗಿಂತ ನಾಲ್ಕು ಕೆ.ಜಿ. ಹೆಚ್ಚು ಹೊರುತ್ತಿದೆ! ಒಂದು ಲೆಂಗ್ತ್ ಹಿಂದೆ ಬೀಳಿಸಲು ಬೇಕಾದ ಭಾರ 1,000 ಮೀಟರ್‌ನಲ್ಲಿ ಸುಮಾರು 1.3 ಕೆ.ಜಿ., 1,600 ಮೀಟರ್‌ನಲ್ಲಿ ಒಂದು ಕೆ.ಜಿ.ಗಿಂತ ತುಸು ಕಡಿಮೆ ಎಂಬುದು ಹ್ಯಾಂಡಿಕ್ಯಾಪಿಂಗ್‌ನ ಹಳೆಯ ಅಂದಾಜು. ಆ ಅಂದಾಜಿನಲ್ಲಿ ನಾಲ್ಕು ಕೆ.ಜಿ. ಎಂದರೆ ಸುಮಾರು ನಾಲ್ಕು ಲೆಂಗ್ತ್. ಹಿಂದಿನ ಗೆಲುವಿನ ಮೂರು ಲೆಂಗ್ತ್ ಅದರಲ್ಲೇ ಕರಗಿಹೋಗುತ್ತದೆ.

ಇದೇ ಓಟದಲ್ಲಿ ಇನ್ನೊಂದು ಕುದುರೆ ಇರಬಹುದು. ಅದು 58 ರೇಟಿಂಗ್‌ನಲ್ಲಿದ್ದಾಗ ಸಾಲಾಗಿ ನಾಲ್ಕು, ಐದು, ಏಳನೆಯ ಸ್ಥಾನ ಪಡೆದು ಈಗ 50ಕ್ಕೆ ಇಳಿದಿರುತ್ತದೆ. ಟಿಪ್ಸ್ ಬರೆಯುವವರು ಸ್ಥಾನಗಳನ್ನಷ್ಟೇ ನೋಡಿ ಅದನ್ನು ಕೈಬಿಡುತ್ತಾರೆ. ಎಂಟು ಅಂಕ ಇಳಿದು ಭಾರ ನಾಲ್ಕು ಕೆ.ಜಿ. ಹಗುರವಾಗಿರುವುದರಿಂದ, ನನ್ನ ದೃಷ್ಟಿಯಲ್ಲಿ ಮೊದಲು ಪರಿಶೀಲಿಸಬೇಕಾದದ್ದು ಅದನ್ನೇ. ಅದು ಹಿಂದೆ ಗೆದ್ದದ್ದು ಯಾವ ರೇಟಿಂಗ್‌ನಲ್ಲಿ, ಎಷ್ಟು ದೂರಕ್ಕೆ, ಎಂಥ ನೆಲದ ಮೇಲೆ ಎಂಬುದನ್ನು ನೋಡಬೇಕು. ಬೆಂಗಳೂರಿನ ಬೇಸಿಗೆ ಸೀಸನ್ ಮೇ ತಿಂಗಳಲ್ಲಿ ಶುರುವಾಗಿ ಮಳೆಗಾಲದೊಳಕ್ಕೆ ಸಾಗುವುದರಿಂದ ನೆಲದ ಮಾತು ಇಲ್ಲಿ ಸಣ್ಣದಲ್ಲ; ನೆಲದ ಗಟ್ಟಿತನ ಅಳೆಯುವ ಪೆನಿಟ್ರೋಮೀಟರ್‌ನ ಅಂಕಿ ಏರಿದಷ್ಟೂ ನೆಲ ಮೆದುವಾಗಿದೆ ಎಂದರ್ಥ, ಮತ್ತು ಗಟ್ಟಿ ನೆಲದಲ್ಲಿ ಚುರುಕಾಗಿ ಓಡುವ ಎಷ್ಟೋ ಕುದುರೆಗಳು ಮೆದು ನೆಲದಲ್ಲಿ ಮಂಕಾಗುತ್ತವೆ. ಅಪ್ರೆಂಟಿಸ್ ಜಾಕಿ (ಇನ್ನೂ ಕಲಿಯುತ್ತಿರುವ ಸವಾರ) ಸವಾರಿ ಮಾಡುತ್ತಿದ್ದರೆ ಸಿಗುವ ಭಾರದ ರಿಯಾಯಿತಿಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಡರ್ಬಿಯಂಥ ಓಟಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ರೇಟಿಂಗ್ ನೋಡಿ ಭಾರ ಹೊರಿಸುವುದಿಲ್ಲವಾದ್ದರಿಂದ ಗೆದ್ದ ಕುದುರೆಗೆ ಗೆಲುವಿನ ದಂಡ ಬೀಳದು, ಸಮರ್ಥ ಕುದುರೆ ಮತ್ತೆ ಮತ್ತೆ ಗೆಲ್ಲಬಹುದು.

ಇನ್ನು, ಮೊದಲ ಸಲ ಓಡುವ ಕುದುರೆಗಳೇ ತುಂಬಿರುವ ಓಟದಲ್ಲಿ ಫಾರ್ಮ್ (ಹಿಂದಿನ ಓಟಗಳ ದಾಖಲೆ) ಎಂಬುದೇ ಇರುವುದಿಲ್ಲ. ಕೈಗೆ ಸಿಗುವುದು ಮುಖ್ಯವಾಗಿ ಬೆಳಗಿನ ಟ್ರ್ಯಾಕ್ ವರ್ಕ್, ಅಂದರೆ ಅಭ್ಯಾಸದ ಓಟದ ವಿವರ. ಅಲ್ಲಿಯೂ ಕೊನೆಯ 600 ಮೀಟರ್‌ಗೆ ಹಿಡಿದ ಸೆಕೆಂಡುಗಳನ್ನಷ್ಟೇ ಓದಬಾರದು. ಲಗಾಮು ಬಿಗಿಹಿಡಿದು ಓಡಿಸಿದಾಗ ಬಂದ ಸಮಯಕ್ಕೂ ಪೂರ್ತಿ ದೌಡಾಯಿಸಿ ತೆಗೆದ ಸಮಯಕ್ಕೂ ಬಹಳ ವ್ಯತ್ಯಾಸವಿದೆ, ಪಕ್ಕದ ಟಿಪ್ಪಣಿಯಲ್ಲಿ ಅದನ್ನು ಬರೆದಿರುತ್ತಾರೆ. ಅಷ್ಟು ಕಡಿಮೆ ಮಾಹಿತಿ ಇಟ್ಟುಕೊಂಡು ಖಚಿತ ಟಿಪ್ ಕೊಡುವುದು ಓದುಗರಿಗೆ ನ್ಯಾಯವಲ್ಲ. ದಿನದ ಕಾರ್ಡಿನಲ್ಲಿ ಅಂಥ ಓಟಗಳನ್ನು ಬಿಟ್ಟು, ಪಳಗಿದ ಕುದುರೆಗಳ ಹ್ಯಾಂಡಿಕ್ಯಾಪ್ ಓಟಗಳಿಗೆ ಸಮಯ ಕೊಡಿ ಎಂಬುದೇ ನನ್ನ ಸಲಹೆ.