ಮೊದಲು ಭುಜದ ಅಳತೆ, ಆಮೇಲೆ ಸೊಂಟದ್ದು

ಹೆಣ್ಣುಡುಪು ಹುಡುಕಿಕೊಂಡು ನನ್ನ ಬಳಿ ಬರುವ ಪುರುಷ ಮೈಕಟ್ಟಿನವರಲ್ಲಿ ರಂಗದ ಮೇಲೆ ಸ್ತ್ರೀಪಾತ್ರ ಮಾಡುವವರಿದ್ದಾರೆ, ಟ್ರಾನ್ಸ್ ಮಹಿಳೆಯರಿದ್ದಾರೆ, ಅಂಥ ಉಡುಪು ಇಷ್ಟವೆಂಬ ಒಂದೇ ಕಾರಣಕ್ಕೆ ಬರುವವರೂ ಇದ್ದಾರೆ. ಬಹುತೇಕ ಎಲ್ಲರ ಮೊದಲ ಪ್ರಶ್ನೆ ಒಂದೇ: “ನನ್ನ ಅಂಗಿಯ ಸೈಜು ನಲವತ್ತು, ಹೆಂಗಸರ ಉಡುಪಿನಲ್ಲಿ ಅದು ಎಷ್ಟಾಗುತ್ತದೆ?” ಒಂದು ಸಂಖ್ಯೆಯನ್ನು ಹೇಳಿ ಕಳಿಸಿಬಿಡುವುದು ಸುಲಭ, ಆದರೆ ಹಾಗೆ ಕೊಂಡ ಉಡುಪು ಹೆಚ್ಚಾಗಿ ಕಂಕುಳಲ್ಲಿ ಕಚ್ಚುತ್ತದೆ, ಎದೆಯಲ್ಲಿ ಜೋಲುತ್ತದೆ.

ಇದಕ್ಕೆ ಕಾರಣ ದೇಹದ ಗಾತ್ರವಲ್ಲ, ಆ ಗಾತ್ರ ಹಂಚಿಕೆಯಾಗಿರುವ ರೀತಿ. ಎದೆಸುತ್ತಳತೆ 40 ಇಂಚು ಇರುವ ಇಬ್ಬರನ್ನು ತೆಗೆದುಕೊಳ್ಳಿ. ಹೆಣ್ಣಿನ ದೇಹದಲ್ಲಿ ಆ ಅಳತೆಯ ಹೆಚ್ಚು ಪಾಲು ಮುಂಭಾಗದ ಉಬ್ಬಿನಿಂದ ಬರುತ್ತದೆ, ಗಂಡಿನ ದೇಹದಲ್ಲಿ ಅದು ಬೆನ್ನು ಮತ್ತು ಪಕ್ಕೆಲುಬುಗಳ ಅಗಲದಿಂದ ಬರುತ್ತದೆ. ಹೆಂಗಸರ ಉಡುಪನ್ನು ಕತ್ತರಿಸುವವರು ಮುಂಭಾಗಕ್ಕೆ ಹೆಚ್ಚು ಬಟ್ಟೆ ಕೊಟ್ಟು, ಡಾರ್ಟ್ (ಬಟ್ಟೆಯನ್ನು ಮಡಿಸಿ ಚೂಪಾಗಿ ಹೊಲಿಯುವ ಮಡಿಕೆ) ಹಿಡಿದು ಉಬ್ಬಿಗೆ ಜಾಗ ಮಾಡುತ್ತಾರೆ; ಬೆನ್ನು, ಭುಜ ಮತ್ತು ಕಂಕುಳ ಸುತ್ತನ್ನು ಕಿರಿದಾಗಿಡುತ್ತಾರೆ. ಸೊಂಟದ ಗೆರೆಯೂ ಮೇಲಿರುತ್ತದೆ. ಆದ್ದರಿಂದ ಸುತ್ತಳತೆ ಸರಿಯಾಗಿ ಕೂಡಿಬಂದರೂ ಬಟ್ಟೆ ಬೇಕಾದ ಕಡೆ ಇರುವುದಿಲ್ಲ.

ಹಾಗಾಗಿ ನಾನು ಟೇಪನ್ನು ಮೊದಲು ಹಿಡಿಯುವುದು ಬೆನ್ನಿಗೆ. ಒಂದು ಭುಜದ ಮೂಳೆಯ ತುದಿಯಿಂದ ಇನ್ನೊಂದರ ತುದಿಯವರೆಗೆ, ಬಳಿಕ ತೋಳುಗಳನ್ನು ಮುಂದಕ್ಕೆ ಚಾಚಿಸಿ ಒಂದು ಕಂಕುಳಿನಿಂದ ಇನ್ನೊಂದರವರೆಗಿನ ಬೆನ್ನಗಲ, ಕತ್ತಿನ ಹಿಂಬದಿಯ ಮೂಳೆಯಿಂದ ಸೊಂಟದವರೆಗಿನ ಉದ್ದ, ಮೊಣಕೈ ತುಸು ಮಡಚಿದಾಗಿನ ತೋಳಿನ ಉದ್ದ. ಎದೆ, ಸೊಂಟ, ಹಿಪ್ (ಸೊಂಟದ ಕೆಳಗೆ, ಪೃಷ್ಠ ಅತಿ ಅಗಲವಿರುವಲ್ಲಿನ ಸುತ್ತು) ಆಮೇಲೆ. ಒಂದು ಪಕ್ಕಕ್ಕೆ ಬಾಗಿದಾಗ ಮೈ ಮಡಿಕೆ ಬೀಳುವ ಜಾಗವೇ ಸೊಂಟ, ಪ್ಯಾಂಟು ಕಟ್ಟುವ ಜಾಗವಲ್ಲ. ಒಳಗೆ ಪ್ಯಾಡ್ ಇರುವ ಬ್ರಾ ತೊಡುವ ಉದ್ದೇಶವಿದ್ದರೆ ಅದನ್ನು ತೊಟ್ಟೇ ಅಳೆಯಬೇಕು, ಇಲ್ಲದಿದ್ದರೆ ಎಲ್ಲ ಲೆಕ್ಕವೂ ತಪ್ಪುತ್ತದೆ. ಅಳೆಯಿಸಿಕೊಳ್ಳುವ ಹೊತ್ತಿನಲ್ಲಿ ಹಲವರು ಮುದುಡಿ ನಿಲ್ಲುತ್ತಾರೆ; ಆ ಮುದುಡುವಿಕೆ ಭುಜದ ಅಳತೆಯನ್ನೇ ಬದಲಿಸುತ್ತದೆ. ಅದಕ್ಕಾಗಿ ನಾನು ಮುಟ್ಟುವ ಮೊದಲು ಅನುಮತಿ ಕೇಳುತ್ತೇನೆ, ಸಂಖ್ಯೆಗಳ ಹೊರತು ಬೇರೇನೂ ಮಾತಾಡುವುದಿಲ್ಲ. ಇದು ಸೌಜನ್ಯವೂ ಹೌದು, ಸರಿಯಾದ ಅಳತೆ ಪಡೆಯುವ ದಾರಿಯೂ ಹೌದು.

ಇನ್ನು ಚೀಟಿಯ ಮೇಲಿನ ಸಂಖ್ಯೆಯ ವಿಷಯ. ಅಮೆರಿಕದ 8 ಸುಮಾರಾಗಿ ಬ್ರಿಟನ್ನಿನ 12, ಜರ್ಮನಿಯ 38, ಫ್ರಾನ್ಸಿನ 40, ಇಟಲಿಯ 44 ಆಗುತ್ತದೆ. ಅಮೆರಿಕದಲ್ಲಿ 1958ರಲ್ಲಿ ಹೆಂಗಸರ ಉಡುಪಿಗೆ ಒಂದು ಸರ್ಕಾರಿ ಅಳತೆಮಾನ ಬಂದಿತ್ತು, 1983ರಲ್ಲಿ ಅದನ್ನು ಹಿಂಪಡೆಯಲಾಯಿತು. ಈಗ ಪ್ರತಿ ಕಂಪನಿಯೂ ತನ್ನದೇ ಲೆಕ್ಕವಿಟ್ಟುಕೊಂಡಿದೆ. ಆದ್ದರಿಂದ ಸಂಖ್ಯೆಯನ್ನು ಬಿಟ್ಟು ಕಂಪನಿಯ ಸೆಂಟಿಮೀಟರ್ ಅಳತೆಪಟ್ಟಿಯನ್ನು ನೋಡಿ, ಅದು ಮೈಯ ಅಳತೆಯೋ ಸಿದ್ಧ ಉಡುಪಿನ ಅಳತೆಯೋ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಭುಜ ಬಿಗಿಯಾಯಿತೆಂದು ಮೇಲಿನ ಸೈಜಿಗೆ, ಅದರಾಚೆಯ ಪ್ಲಸ್ ಸೈಜಿಗೆ (ದಪ್ಪ ಮೈಯವರ ಅಳತೆಗೆ) ಹೋಗುವುದು ಸಾಮಾನ್ಯ ತಪ್ಪು. ಪ್ಲಸ್ ಸೈಜಿನಲ್ಲಿ ಎದೆ, ಹೊಟ್ಟೆ, ಹಿಪ್ ಬೆಳೆಯುವಷ್ಟು ಭುಜ ಬೆಳೆಯುವುದಿಲ್ಲ. ಎತ್ತರದವರಿಗೆ ‘ಟಾಲ್’ ಎಂದು ಗುರುತಿಸಿದ ಉಡುಪು ಹೆಚ್ಚು ಒಪ್ಪುತ್ತದೆ, ಏಕೆಂದರೆ ಅದರಲ್ಲಿ ಮೈಯ ಉದ್ದ ಮತ್ತು ತೋಳಿನ ಉದ್ದ ಎರಡನ್ನೂ ಹೆಚ್ಚಿಸಿರುತ್ತಾರೆ. ಕತ್ತಿನಿಂದಲೇ ಓರೆಯಾಗಿ ಇಳಿಯುವ ರ‍್ಯಾಗ್ಲನ್ ತೋಳಿನಲ್ಲಿ ಭುಜದ ತುದಿಯಲ್ಲಿ ತೋಳನ್ನು ಜೋಡಿಸುವ ಹೊಲಿಗೆಯೇ ಇರುವುದಿಲ್ಲವಾದ್ದರಿಂದ ಬಿಗಿತದ ತೊಂದರೆ ಬಹಳ ಕಡಿಮೆಯಾಗುತ್ತದೆ. ಮೈಸುತ್ತ ಕಟ್ಟುವ ಉಡುಪು, ಹಿಗ್ಗುವ ಹೆಣಿಗೆ ಬಟ್ಟೆ, ವಿ ಆಕಾರದ ಕತ್ತು ಇವೂ ನೆರವಾಗುತ್ತವೆ.

ನನ್ನ ಖಚಿತ ಸಲಹೆಯೆಂದರೆ, ಮೇಲುಡುಪನ್ನು ಭುಜಕ್ಕೆ ಹೊಂದುವಂತೆ ಕೊಳ್ಳಿ, ಉಳಿದುದನ್ನು ದರ್ಜಿಗೆ ಬಿಡಿ. ಸೊಂಟವನ್ನು ಹಿಡಿಸುವುದು, ಡಾರ್ಟನ್ನು ಚಪ್ಪಟೆಯಾಗಿಸುವುದು ಸಣ್ಣ ಕೆಲಸ. ಸಿದ್ಧ ಉಡುಪಿನಲ್ಲಿ ಹೊಲಿಗೆಯಾಚೆ ಉಳಿಸಿರುವ ಬಟ್ಟೆ ಸಾಮಾನ್ಯವಾಗಿ ಒಂದು ಸೆಂಟಿಮೀಟರಿನಷ್ಟೇ ಇರುವುದರಿಂದ ಭುಜವನ್ನು ಬಿಚ್ಚಿ ಅಗಲಿಸಲು ಆಗುವುದೇ ಇಲ್ಲ.

ಲಂಗದಲ್ಲಿ ಲೆಕ್ಕ ಬೇರೆ. ಅಲ್ಲಿ ಸೊಂಟಕ್ಕೆ ಹೊಂದುವುದನ್ನು ಕೊಂಡು, ಹಿಪ್‌ನಲ್ಲಿ ಉಳಿಯುವ ಸಡಿಲನ್ನು ಎರಡು ಪಕ್ಕದ ಹೊಲಿಗೆಗಳಲ್ಲಿ ಒಳಗೆ ತೆಗೆದುಕೊಳ್ಳಬೇಕು. ಬ್ರಾದಲ್ಲಿ ಎದೆಯ ಸುತ್ತ ಬರುವ ಪಟ್ಟಿ (ಸಂಖ್ಯೆ) ಮತ್ತು ಕಪ್ (ಅಕ್ಷರ) ಜೊತೆಜೊತೆಗೆ ಬದಲಾಗುತ್ತವೆ: 36ಸಿ ಪಟ್ಟಿ ಬಿಗಿಯಾದರೆ 38ಬಿ ನೋಡಿ, ಕಪ್ಪಿನ ಗಾತ್ರ ಅಷ್ಟೇ ಇರುತ್ತದೆ. ಪಾದರಕ್ಷೆಗೆ ಅಮೆರಿಕದ ಗಂಡಸರ ಸಂಖ್ಯೆಗೆ ಸುಮಾರು ಒಂದೂವರೆ ಕೂಡಿಸಿ, ಅಗಲದ ಮಾದರಿಯನ್ನೇ ಕೇಳಿ.

ಕೊಳ್ಳುವ ಮೊದಲು ಉಡುಪು ತೊಟ್ಟು ಎರಡೂ ಕೈಗಳನ್ನು ಮುಂದಕ್ಕೆ ತಂದು ನಿಮ್ಮನ್ನು ನೀವೇ ತಬ್ಬಿಕೊಳ್ಳಿ, ಬಳಿಕ ಕುಳಿತು ನೋಡಿ. ಬೆನ್ನಿನ ನಡುವೆ ಅಡ್ಡ ಗೆರೆಗಳು ಎಳೆದುಕೊಂಡರೆ ಆ ಉಡುಪನ್ನು ಅಲ್ಲೇ ಬಿಡಿ.