ತಣ್ಣಗಿದ್ದಾಗ ಟಕ್ ಟಕ್, ಬಿಸಿಯಾದ ಮೇಲೆ ಗಪ್‌ಚುಪ್: ಹಳೇ ಪಿಕಪ್ಪಿನ ಮ್ಯಾನಿಫೋಲ್ಡ್ ಸೋರಿಕೆ

ಬೆಳಗ್ಗೆ ಸ್ಟಾರ್ಟ್ ಮಾಡಿದೊಡನೆ ಇಂಜಿನ್ನಿನ ಪಕ್ಕದಿಂದ ಟಕ್ ಟಕ್ ಸದ್ದು. ಹತ್ತು ನಿಮಿಷ ಓಡಿಸಿದ ಮೇಲೆ ಮಾಯ. ಬೊಲೆರೊ ಪಿಕಪ್, ಟಾಟಾ 207ರಂಥ ನಾಲ್ಕು ಸಿಲಿಂಡರಿನ ಹಳೇ ಡೀಸೆಲ್ ಗಾಡಿಗಳಲ್ಲಿ ಇದನ್ನು ಕೇಳಿ ಟ್ಯಾಪೆಟ್ ಸೆಟ್ಟಿಂಗಿಗೆ (ವಾಲ್ವ್ ಸಂದು ಸರಿಪಡಿಸುವುದಕ್ಕೆ) ದುಡ್ಡು ಸುರಿಯುವವರೇ ಹೆಚ್ಚು. ಎಷ್ಟೋ ಸಲ ಸದ್ದು ಬರುವುದು ಮ್ಯಾನಿಫೋಲ್ಡ್, ಅಂದರೆ ಸಿಲಿಂಡರುಗಳ ಹೊಗೆಯನ್ನು ಕೂಡಿಸಿ ಸೈಲೆನ್ಸರಿಗೆ ಕಳಿಸುವ ಕವಲು ಪೈಪು, ಸೋರುವುದರಿಂದ; ಬಿಸಿಗೆ ಹಿಗ್ಗಿ ಸಂದು ಮುಚ್ಚಿದಾಗ ಸದ್ದು ನಿಲ್ಲುತ್ತದೆ. ಕಿವಿ ಮೋಸಹೋಗುವುದು ಸಹಜ. ಐಡ್ಲಿಂಗ್ 800 ಆರ್‌ಪಿಎಂ ಇದ್ದರೆ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ, ಅಂದರೆ ನಿಮಿಷಕ್ಕೆ 400 ಸಲ ಹೊಗೆ ತಳ್ಳುತ್ತದೆ. ಅದರ ವಾಲ್ವ್ ತೆರೆಯುವುದೂ ಅಷ್ಟೇ ಸಲ. ಹಾಗಾಗಿ ಸೋರಿಕೆ, ಟ್ಯಾಪೆಟ್ ಎರಡೂ ಸದ್ದಿನ ಲಯ ಒಂದೇ.

ವ್ಯತ್ಯಾಸ ಹೇಳುವುದು ಮಸಿ. ಮ್ಯಾನಿಫೋಲ್ಡ್ ಹೆಡ್ಡಿಗೆ (ಸಿಲಿಂಡರುಗಳ ಮೇಲಿನ ಮುಚ್ಚಳಕ್ಕೆ) ಕೂರುವ ಸಂದಿಗೆ ಟಾರ್ಚ್ ಬಿಟ್ಟು ನೋಡಿ. ನಡುವೆ ಸೋರದಂತೆ ಹಾಕಿದ ತೆಳು ಹಾಳೆಯ, ಅಂದರೆ ಗ್ಯಾಸ್ಕೆಟ್‌ನ ಅಂಚಿನಿಂದ ಬೀಸಣಿಗೆಯಂತೆ ಹರಡಿದ ಕಪ್ಪು ಗೆರೆ ಇದ್ದರೆ ಅಲ್ಲೇ ಸೋರುತ್ತಿದೆ. ಕಾಣದಿದ್ದರೆ ಇಂಜಿನ್ ನಿಲ್ಲಿಸಿ, ಪೂರ್ತಿ ತಣ್ಣಗಾದ ಮೇಲೆ ಬ್ಲೋವರಿನಿಂದ ಸೈಲೆನ್ಸರ್ ಬಾಯಿಗೆ ಗಾಳಿ ಕೊಟ್ಟು, ಜಾಯಿಂಟುಗಳ ಮೇಲೆ ಸೋಪಿನ ನೀರು ಸಿಂಪಡಿಸಿ. ಗುಳ್ಳೆ ಏಳುವ ಕಡೆ ತೂತಿದೆ. ಸದ್ದಷ್ಟೇ ಅಲ್ಲವಾ ಎಂದು ಬಿಡಬಾರದು: ಸೋರುವ ಹೊಗೆಯಲ್ಲಿ ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಕ್ಯಾಬಿನ್ನಿಗೆ ನುಗ್ಗಿದರೆ ಜೀವಕ್ಕೇ ಕುತ್ತು. ಟರ್ಬೊ (ಹೊಗೆಯ ಒತ್ತಡದಿಂದ ತಿರುಗಿ ಇಂಜಿನ್ನಿಗೆ ಗಾಳಿ ತುಂಬುವ ಸಾಧನ) ಇರುವ ಗಾಡಿಯಾದರೆ ಅದನ್ನು ತಿರುಗಿಸಬೇಕಾದ ಒತ್ತಡವೇ ಹೊರಗೆ ಹೋಗಿ, ಎಳೆಯುವ ಶಕ್ತಿ ಕುಗ್ಗಿ, ಕಪ್ಪು ಹೊಗೆ ಬರುತ್ತದೆ.

ಸಂದು ಬಿಟ್ಟಿದ್ದು ಯಾಕೆ? ಹೆಚ್ಚಿನ ಸಲ ಕೊನೆಯ ಸ್ಟಡ್ (ಮ್ಯಾನಿಫೋಲ್ಡನ್ನು ಹೆಡ್ಡಿಗೆ ಹಿಡಿದಿಡುವ, ನಟ್ ಕೂರುವ ಥ್ರೆಡ್ ಕಡ್ಡಿ) ಮುರಿದಿರುತ್ತದೆ. ಎರಕದ ಕಬ್ಬಿಣ ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿ ಬಿಸಿಗೆ ಸುಮಾರು 0.011 ಮಿ.ಮೀ. ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ ಮ್ಯಾನಿಫೋಲ್ಡ್ ಭಾರ ಎಳೆಯುವಾಗ 400 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ 2 ಮಿ.ಮೀ.ಗೂ ಮಿಕ್ಕಿ ಉದ್ದವಾಗುತ್ತದೆ. ಅದನ್ನು ಹಿಡಿದ ಹೆಡ್ಡಿಗೋ ಒಳಗೆ ಕೂಲೆಂಟ್ ಹರಿಯುವುದರಿಂದ ಅದು 100 ಡಿಗ್ರಿಯ ಆಸುಪಾಸಿನಲ್ಲೇ ಇದ್ದು, ಅರ್ಧ ಮಿ.ಮೀ.ನಷ್ಟೂ ಬೆಳೆಯುವುದಿಲ್ಲ. ಈ ಜಗ್ಗಾಟ ನಡುವಿನ ಸ್ಟಡ್‌ಗಳಿಗೆ ಅಷ್ಟಾಗಿ ತಟ್ಟದು. ಎರಡು ತುದಿಯವು ದಿನಾ ಬಾಗಿ ಬಾಗಿ ದಣಿಯುತ್ತವೆ. ಜತೆಗೆ ಸೈಲೆನ್ಸರ್ ತೂಗುಹಾಕಿದ ರಬ್ಬರ್ ಹರಿದಿದ್ದರೆ, ಇಂಜಿನ್ ಮೌಂಟಿಂಗ್ ಕುಸಿದಿದ್ದರೆ ಪೈಪಿನ ಭಾರವೂ ಮ್ಯಾನಿಫೋಲ್ಡಿಗೇ ಜೋತುಬೀಳುತ್ತದೆ. ಇವನ್ನು ನೋಡದೆ ಹೊಸ ಸ್ಟಡ್ ಹಾಕುವುದು ಶುದ್ಧ ದಂಡ. ಅದೂ ಮುರಿಯುತ್ತದೆ.

ಬಿಚ್ಚುವುದೇ ನಿಜವಾದ ಕೆಲಸ. ಹಿಂದಿನ ದಿನವೇ ಎರಡು ಮೂರು ಸಲ ತುಕ್ಕು ಸಡಿಲಿಸುವ ಎಣ್ಣೆ ಬಿಡಿ. ನಟ್ ಅಲುಗಿದರೆ ಒಂದೇ ಸಮನೆ ಬಿಚ್ಚಬೇಡಿ; ಕಾಲು ಸುತ್ತು ಬಿಚ್ಚಿ, ಮತ್ತೆ ಬಿಗಿಮಾಡಿ, ಎಣ್ಣೆ ಬಿಟ್ಟು ಮುಂದುವರಿಯಿರಿ. ಉದುರಿದ ತುಕ್ಕು ಥ್ರೆಡ್ಡಿಗೆ ಸಿಕ್ಕಿಕೊಂಡರೆ ಇದ್ದ ಸ್ಟಡ್ಡೂ ಮುರಿಯುತ್ತದೆ. ಮುರಿದ ತುಂಡು ಸ್ವಲ್ಪವಾದರೂ ಹೊರಗಿದ್ದರೆ ಅದರ ಮೇಲೆ ನಟ್ ಇಟ್ಟು ತೂತಿನೊಳಗಿಂದ ವೆಲ್ಡ್ ಮಾಡಿಸುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಕೆಂಪಾದ ತುಂಡು ಹಿಗ್ಗಲು ನೋಡುತ್ತದೆ, ಸುತ್ತಲಿನ ಹೆಡ್ ಬಿಡುವುದಿಲ್ಲ. ತಣಿಯುವಾಗ ಕುಗ್ಗಿ ತುಕ್ಕಿನ ಹಿಡಿತ ಬಿಡಿಸಿಕೊಳ್ಳುತ್ತದೆ. ಅದಕ್ಕೇ ಕೆಂಪು ಆರುವ ತನಕ ಕಾದು, ಆಮೇಲೆ ಸ್ಪ್ಯಾನರ್ ಹಾಕಬೇಕು. ವೆಲ್ಡಿಂಗಿಗೆ ಮೊದಲು ಬ್ಯಾಟರಿ ವಯರು, ಆಲ್ಟರ್ನೇಟರ್ ಕನೆಕ್ಷನ್ ಎರಡನ್ನೂ ತೆಗೆದಿಡಿ. ಹತ್ತಿರದ ಡೀಸೆಲ್ ಪೈಪು, ಎಣ್ಣೆ ಜಿಡ್ಡು ನೋಡಿಕೊಳ್ಳಿ.

ಒಳಗೇ ಮುರಿದಿದ್ದರೆ ಸರಿಯಾಗಿ ನಡುವಿಗೆ ಪಂಚ್ ಹೊಡೆದು 3 ಮಿ.ಮೀ. ಬಿಟ್‌ನಿಂದ ಶುರುಮಾಡಿ ಹಂತಹಂತವಾಗಿ ದೊಡ್ಡದು ಮಾಡಬೇಕು. ಎಂ8 (8 ಮಿ.ಮೀ. ದಪ್ಪದ) ಸ್ಟಡ್ಡಿಗೆ 6.8 ಮಿ.ಮೀ. ದಾಟಿದರೆ ಹೆಡ್ಡಿನ ಥ್ರೆಡ್ಡಿಗೇ ಏಟು. ತೆಳ್ಳನೆಯ ಈಸಿ-ಔಟ್ (ಮುರಿದ ತುಂಡು ಹೊರತೆಗೆಯುವ ಉಲ್ಟಾ ಥ್ರೆಡ್ಡಿನ ಕಡ್ಡಿ) ಹಾಕಿ ಜೋರು ಮಾಡುವುದು ಬೇಡ: ಅದು ಗಟ್ಟಿ ಉಕ್ಕಿನದು, ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯಲಾರದು. ಡ್ರಿಲ್ ಜಾರುತ್ತಿದೆ ಅನಿಸಿದ ಕ್ಷಣ ನಿಲ್ಲಿಸಿ ಲೇತಿನವರಿಗೆ ಕೊಡುವುದು ಅಗ್ಗ.

ಹಳೇ ಗ್ಯಾಸ್ಕೆಟ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಣದಾಗಿ ಉಜ್ಜಿ ಧೂಳೆಬ್ಬಿಸದೆ ನೀರು ಹಾಕಿ ಕೆರೆಯಿರಿ. ಮ್ಯಾನಿಫೋಲ್ಡಿನ ಮುಖದ ಮೇಲೆ ನೇರ ಪಟ್ಟಿ ಇಟ್ಟು, ಅಡಿಯಲ್ಲಿ 0.2 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ಉಪಕರಣ) ಎಲೆ ನುಸುಳುತ್ತದಾ ನೋಡಿ. ನುಸುಳಿದರೆ ಫೇಸಿಂಗ್ ಮಾಡಿಸಿ, ಅಂದರೆ ಮುಖವನ್ನು ಸಮತಟ್ಟು ಮಾಡಿಸಿ. ಸೊಟ್ಟ ಮುಖಕ್ಕೆ ಎಷ್ಟು ಗ್ಯಾಸ್ಕೆಟ್ ಹಾಕಿದರೂ ಸುಡುತ್ತದೆ. ಸಿಲಿಕೋನ್ ಪೇಸ್ಟ್ ಬಳಿಯುವ ಅಭ್ಯಾಸವಂತೂ ಬೇಡವೇ ಬೇಡ. ಕೆಂಪು ಪೇಸ್ಟ್ ತಾಳುವುದು 300 ಡಿಗ್ರಿಯ ಆಸುಪಾಸು, ಇಲ್ಲಿನ ಬಿಸಿ ಅದನ್ನು ಸುಲಭವಾಗಿ ಮೀರುತ್ತದೆ.

ನಟ್‌ಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಎಂ8ಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್; ಮ್ಯಾನುಯಲ್‌ನಲ್ಲಿ ಬೇರೆ ಹೇಳಿದ್ದರೆ ಅದೇ ಅಂತಿಮ. ಉದ್ದ ಪೈಪು ತೂರಿಸಿ ಜಗ್ಗಿದರೆ ಹೊಸ ಸ್ಟಡ್ಡಿನ ಆಯಸ್ಸು ಅಲ್ಲೇ ಮುಗಿಯಿತು. ತಾಮ್ರದ ಲೇಪವಿರುವ ನಟ್ ಸಿಕ್ಕರೆ ಅದನ್ನೇ ಹಾಕಿ, ಸ್ಟಡ್ಡಿಗೆ ತುಕ್ಕುಕಚ್ಚುವುದು ಕಡಿಮೆ.

ಕೆಳಗೆ ಸೈಲೆನ್ಸರ್ ತೂತಾಗಿದ್ದರೆ ತುಕ್ಕು ಸಾಮಾನ್ಯವಾಗಿ ಒಳಗಿನಿಂದಲೇ ಬಂದಿರುತ್ತದೆ: ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಆವಿಯಾಗಿ ಹೊರಡುತ್ತದೆ, ಹತ್ತಿರದ ಓಡಾಟದಲ್ಲಿ ಅದು ಒಣಗುವುದೇ ಇಲ್ಲ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತುಂಡು ಕೂರಿಸಿ. ಅಡಿಗೆ ಮಲಗುವ ಮೊದಲು ಗಾಲಿಗೆ ಅಡ್ಡ ಕೊಟ್ಟು, ಸ್ಟ್ಯಾಂಡ್ ನಿಲ್ಲಿಸಿರಬೇಕು. ಬರೀ ಜಾಕ್ ನಂಬಬೇಡಿ.

ಮೊದಲ 100 ಕಿ.ಮೀ. ಓಡಿದ ಮೇಲೆ, ರಾತ್ರಿಯಿಡೀ ತಣಿದ ಇಂಜಿನ್ನಿನಲ್ಲಿ ನಟ್‌ಗಳ ಟಾರ್ಕ್ (ಬಿಗಿತ) ಮತ್ತೊಮ್ಮೆ ನೋಡಿ. ಸಡಿಲವಾಗಿದ್ದರೆ ಮೊದಲು ಸಿಗುವುದು ತುದಿಯ ಎರಡು ನಟ್‌ಗಳೇ.