ಪ್ಲೇಟಿಗೆ ಬರುವ ಮೊದಲು ಲ್ಯಾಬ್ ಮಾಂಸ ಗ್ಯಾಲರಿಯಲ್ಲಿತ್ತು

ಪ್ರಾಣಿ ಕೋಶಗಳಿಂದ ಲ್ಯಾಬಿನಲ್ಲಿ ಬೆಳೆಸಿದ ಮಾಂಸಕ್ಕೆ ಸಿಂಗಪುರ 2020ರಲ್ಲಿ ಒಪ್ಪಿಗೆ ಕೊಟ್ಟಿತು, ಅಮೆರಿಕ 2023ರಲ್ಲಿ. ಅದೇ ವರ್ಷ ಇಟಲಿ ಬೇಡವೇ ಬೇಡ ಎಂದು ಕಾನೂನು ಮಾಡಿತು, ಮರುವರ್ಷ ಫ್ಲೋರಿಡಾ ಕೂಡ. ಇದನ್ನು ಮಾಂಸ ಅನ್ನಬೇಕೋ ಬೇಡವೋ ಎಂಬ ಜಗಳ ಬೇರೆ. ಹಳಬರಿಗೆ 2013ರಲ್ಲಿ ಲಂಡನ್ನಿನಲ್ಲಿ ಡಚ್ ವಿಜ್ಞಾನಿ ಮಾರ್ಕ್ ಪೋಸ್ಟ್ ಜನರೆದುರು ಹುರಿಸಿ ತಿನ್ನಿಸಿದ ಎರಡೂವರೆ ಲಕ್ಷ ಯೂರೋದ ಬರ್ಗರ್ ನೆನಪಿರಬಹುದು. ಅದಕ್ಕೂ 10 ವರ್ಷ ಮೊದಲೇ ಇಬ್ಬರು ಕಲಾವಿದರು ಇಂಥದ್ದೇ ಮಾಂಸ ಬಡಿಸಿದ್ದರು. ಅದನ್ನು ಯಾರೂ ಹೇಳುವುದೇ ಇಲ್ಲ.

ಹಿಂದಿನ ಕಥೆ ಒಂದೇ ಉಸಿರಿಗೆ ಮುಗಿಯುತ್ತದೆ: ಕೋಳಿ ಭ್ರೂಣದ ಹೃದಯದ ಚೂರನ್ನು ಸರ್ಜನ್ ಅಲೆಕ್ಸಿಸ್ ಕ್ಯಾರೆಲ್ 1912ರಲ್ಲಿ ಗಾಜಿನ ಪಾತ್ರೆಯಲ್ಲಿ ಬೆಳೆಯಲು ಬಿಟ್ಟರು, ಬರೀ ಎದೆಮಾಂಸ ಬೇಕೆಂದರೆ ಇಡೀ ಕೋಳಿ ಯಾಕೆ ಸಾಕಬೇಕು ಎಂದು 1931ರಲ್ಲಿ ಚರ್ಚಿಲ್ ಬರೆದರು, 1990ರ ದಶಕದಲ್ಲಿ ಇಲಿಯ ಬೆನ್ನ ಮೇಲೆ ಬೆಳೆದ ಕಿವಿಯ ಫೋಟೋ ಲೋಕವೆಲ್ಲ ಸುತ್ತಿತು.

ಆ ಇಲಿಯ ಗುಂಗು ಹಿಡಿದವರಲ್ಲಿ ಓರಾನ್ ಕ್ಯಾಟ್ಸ್ ಒಬ್ಬರು. ಓದಿದ್ದು ಡಿಸೈನ್. ಆ ಇಬ್ಬರಲ್ಲಿ ಇನ್ನೊಬ್ಬರಾದ ಇಯೊನಾಟ್ ಜರ್ ಜೊತೆ ಸೇರಿ 1996ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಜೀವಕೋಶಗಳಿಂದ ಶಿಲ್ಪ ಮಾಡಲು ಶುರುಮಾಡಿದರು. 2000ದಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಅಂಗರಚನಾ ವಿಭಾಗದೊಳಗೇ ಸಿಂಬಯಾಟಿಕಾ ಎಂಬ ಲ್ಯಾಬ್ ಬಂತು. ಅಲ್ಲಿಗೆ ಬಂದ ಕಲಾವಿದರು ಕೋಟು ತೊಟ್ಟು ಪಿಪೆಟ್ ಹಿಡಿಯಲೇಬೇಕಿತ್ತು, ಸುಮ್ನೆ ನೋಡಿಕೊಂಡು ಹೋಗುವಂತಿರಲಿಲ್ಲ.

ಅದೇ ವರ್ಷ ಆಸ್ಟ್ರಿಯಾದ ಲಿಂಟ್ಸ್‌ನಲ್ಲಿ ಅವರು ಏಳು ಪುಟ್ಟ ಗೊಂಬೆಗಳನ್ನು ಇಟ್ಟರು. ಗ್ವಾಟೆಮಾಲಾದಲ್ಲಿ ಮಕ್ಕಳು ತಮ್ಮ ಚಿಂತೆಯನ್ನು ಇಂಥ ಗೊಂಬೆಗೆ ಹೇಳಿ ದಿಂಬಿನಡಿ ಇಟ್ಟು ಮಲಗುತ್ತಾರಂತೆ. ಇವರ ಗೊಂಬೆಗಳು ಪ್ಲಾಸ್ಟಿಕ್ಕಿನಂಥ ಕರಗುವ ಪಾಲಿಮರ್ ಮತ್ತು ಆಪರೇಷನ್ ದಾರದವು, ಮೇಲೆ ಜೀವಂತ ಕೋಶಗಳು. ಒಂದೊಂದಕ್ಕೂ ಇಂಗ್ಲಿಷ್ ಅಕ್ಷರವೇ ಹೆಸರು, ಒಂದೊಂದಕ್ಕೂ ಒಂದು ಚಿಂತೆ. ಬಿ ಅಂದರೆ ಬಯೋಟೆಕ್ನಾಲಜಿ. ಎಚ್ ಅಂದರೆ ಹೋಪ್. ಭರವಸೆಯನ್ನೂ ಚಿಂತೆಯ ಪಟ್ಟಿಗೆ ಸೇರಿಸಿದ್ದು ನನಗೆ ತುಂಬಾ ಇಷ್ಟ. ಇವರ ಪ್ರದರ್ಶನ ಮುಗಿಯುವ ದಿನ ಕೋಶಗಳನ್ನು ಹೊರತೆಗೆದು ಜನರ ಕೈಗೆ ಕೊಡುವುದೂ ಇತ್ತು. ಕೈಯ ಬ್ಯಾಕ್ಟೀರಿಯಾ ಹತ್ತಿ ಅದು ಸಾಯುತ್ತದೆ. ಕೊಂದವರು ನೋಡಲು ಬಂದವರೇ.

2003ರಲ್ಲಿ ಫ್ರಾನ್ಸಿನ ನಾಂಟ್‌ನಲ್ಲಿ, ಹಿಂದೆ ಬಿಸ್ಕತ್ ಫ್ಯಾಕ್ಟರಿಯಾಗಿದ್ದ ಕಟ್ಟಡದಲ್ಲಿ, ಕಪ್ಪೆಯ ಸ್ನಾಯುಕೋಶದಿಂದ ನಾಣ್ಯದಷ್ಟು ಅಗಲದ ಚೂರುಗಳನ್ನು ಬೆಳೆಸಿದರು. ಕಪ್ಪೆ ಕಾಲು ತಿನ್ನುವ ದೇಶಕ್ಕೆ ಕಪ್ಪೆಯೇ ಸರಿ ಅಲ್ವಾ. ಪಕ್ಕದಲ್ಲೇ ಜೀವಂತ ಕಪ್ಪೆಗಳೂ ಇದ್ದವು. ಕೊನೆಯ ದಿನ ಚೂರುಗಳನ್ನು ಆಪಲ್ ಬ್ರಾಂದಿಯಲ್ಲಿ ನೆನೆಸಿ ಬೇಯಿಸಿ ಬಡಿಸಿದರು, ಕಪ್ಪೆಗಳನ್ನು ಕೊಳಕ್ಕೆ ಬಿಟ್ಟರು. ರುಚಿ? ಎಂದೂ ಓಡಾಡದ ಸ್ನಾಯು ಜೆಲ್ಲಿಯಂತಿತ್ತು, ಕೋಶ ಬೆಳೆಸಿದ್ದ ಪಾಲಿಮರ್ ಇನ್ನೂ ಕರಗಿರಲಿಲ್ಲ, ಬಟ್ಟೆ ಅಗಿದಂತಾಯಿತು. ಕೆಲವರು ಉಗುಳಿಬಿಟ್ಟರು. ಆ ಉಗುಳಿದ ಚೂರುಗಳನ್ನೂ ಎತ್ತಿಟ್ಟು ಮುಂದೆ ಪ್ರದರ್ಶನಕ್ಕಿಟ್ಟರು!

ಆಮೇಲೆ ಕೋಶಗಳಿಂದಲೇ ಬೆಳೆಸಿದ ಎರಡಿಂಚಿನ ಚರ್ಮದ ಕೋಟು. ಹೆಸರಿನಲ್ಲೇ 'ಬಲಿಯಿಲ್ಲದ್ದು' ಎಂಬ ಮಾತಿತ್ತು. 2008ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಮೋಮಾದಲ್ಲಿ ಅದು ಲೆಕ್ಕ ಮೀರಿ ಬೆಳೆದು ತೋಳು ಕಳಚತೊಡಗಿತು. ಕ್ಯುರೇಟರ್ ಪಾವೊಲಾ ಆಂಟೊನೆಲ್ಲಿ ಅದನ್ನು ಜೀವಂತ ಇಟ್ಟಿದ್ದ ಯಂತ್ರವನ್ನು ಆಫ್ ಮಾಡಬೇಕಾಯಿತು. ಆ ಹೆಸರು ವ್ಯಂಗ್ಯ. ಕೋಶ ಬೆಳೆಯಲು ಹಾಕುತ್ತಿದ್ದ ಸೀರಮ್ ಬರುವುದು ಕಸಾಯಿಖಾನೆಯಲ್ಲಿ ಕಡಿದ ಗಬ್ಬದ ಹಸುವಿನ ಹೊಟ್ಟೆಯೊಳಗಿನ ಕರುವಿನ ರಕ್ತದಿಂದ. ಬಲಿ ಇಲ್ಲವಾಗಿರಲಿಲ್ಲ, ಕಣ್ಣಿಂದ ದೂರವಾಗಿತ್ತು ಅಷ್ಟೆ, ಮತ್ತು ಇದನ್ನು ಕಲಾವಿದರೇ ಎಲ್ಲರಿಗೂ ಹೇಳುತ್ತಿದ್ದರು. ಮುಂದೆ ಮಾರುಕಟ್ಟೆಗೆ ಮಾಂಸ ಹೋಯಿತು, ಈ ಕಿರಿಕಿರಿಯ ಮಾತು ಮಾತ್ರ ಗ್ಯಾಲರಿಯಲ್ಲೇ ಉಳಿಯಿತು. ಸೀರಮ್ ಬಳಸದ ಕೋಳಿ ಮಾಂಸಕ್ಕೆ ಸಿಂಗಪುರದಲ್ಲಿ ಒಪ್ಪಿಗೆ ಸಿಕ್ಕಿದ್ದೇ 2023ರಲ್ಲಿ. ಅಲ್ಲಿಯವರೆಗೆ ಪ್ಲೇಟಿನಲ್ಲಿದ್ದದ್ದು?

ಕಲೆ ಓದುವವರು ಲ್ಯಾಬಿಗೆ ಇಳಿಯುವ ಇಂಥ ಕೆಲಸ ನಮ್ಮಲ್ಲೂ ನಡೆದಿದೆ. 2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ಹುಡುಗರು ಅಮೆರಿಕದ ಐಜೆಮ್ ಎಂಬ, ಜೀವಿಗಳ ಜೀನ್ ಬದಲಿಸಿ ಹೊಸ ಕೆಲಸ ಮಾಡಿಸುವ ವಿದ್ಯಾರ್ಥಿ ಸ್ಪರ್ಧೆಗೆ ಹೋದರು. ಅಲ್ಲಿ ಬರುವವರು ಜಾಸ್ತಿ ಬಯಾಲಜಿ, ಇಂಜಿನಿಯರಿಂಗ್ ಓದುವವರು. ಇವರು ಆರಿಸಿಕೊಂಡದ್ದು ಜಿಯೋಸ್ಮಿನ್, ಅಂದರೆ ಮೊದಲ ಮಳೆಗೆ ಮಣ್ಣಿಂದ ಏಳುವ ಆ ವಾಸನೆ. ಮಣ್ಣಿನ ಬ್ಯಾಕ್ಟೀರಿಯಾ ಮಾಡುವ ಆ ಕೆಲಸವನ್ನು ಲ್ಯಾಬಿನ ಇ-ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಕಲಿಸಲು ಹೊರಟಿದ್ದರು.